ಸುಟ್ಟ ಗೊಂಬೆಯ ಹೊಗೆ

(ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರ ಒಪ್ಪಿಗೆಯೂ ಇದೆ.)

ಸುಗುಣ ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಕೈಯಲ್ಲಿ ಸತ್ಯವೇದ (ಬೈಬಲ್) ಇತ್ತು. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯಕ್ಕೆ ಬಸ್ ಟಿಕೆಟ್ಟನ್ನು ಗುರುತಾಗಿ ಇಟ್ಟಿದ್ದರು. "ಮೇಡಂ, ನಾನು ಮಾಡಿದ್ದು ವಾಕ್ಯದ ಪ್ರಕಾರಾನೇ. ಆದ್ರೂ ಅದು ಮಗೂನ ಬಿಟ್ಟಿಲ್ಲ" ಅಂದರು. 'ಅದು' ಅಂದರೆ ಲಬೂಬು ಗೊಂಬೆ.

ಮಗಳು ಶರೋನ್‌ಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಗೊಂಬೆಯನ್ನು ಹುಟ್ಟುಹಬ್ಬಕ್ಕೆ ತಂದುಕೊಟ್ಟವರು ಚಿಕ್ಕಪ್ಪ. ಮೊಲದ ಕಿವಿ, ತುಪ್ಪಳದ ಮೈ, ಚೂಪು ಹಲ್ಲು ಕಿರಿದು ನಗುವ ಮುಖ. ಹಗಲು ಸ್ಕೂಲ್ ಬ್ಯಾಗಿಗೆ ನೇತಾಡುತ್ತಿತ್ತು, ರಾತ್ರಿ ದಿಂಬಿನ ಪಕ್ಕ ಮಲಗುತ್ತಿತ್ತು. ಮೂರು ತಿಂಗಳಾದ ಮೇಲೆ ಸುಗುಣ ಅವರ ಪ್ರಾರ್ಥನಾ ಗುಂಪಿನ ವಾಟ್ಸ್ಯಾಪ್‌ಗೆ ಒಂದು ವಿಡಿಯೊ ಬಂತು: ಇದು ಪಜುಜು ಎಂಬ ದೆವ್ವದ ರೂಪ, ಮನೆಯಲ್ಲಿಟ್ಟರೆ ಮಕ್ಕಳನ್ನು ಹಿಡಿಯುತ್ತದೆ. ಗಂಡ ಮಸ್ಕತ್‌ನಲ್ಲಿ, ಫೋನ್ ತೆಗೆಯಲಿಲ್ಲ. ಆ ರಾತ್ರಿಯೇ ಹಿತ್ತಲ ಒಗೆಯೋ ಕಲ್ಲಿನ ಮೇಲೆ ಗೊಂಬೆ ಇಟ್ಟು, ಕೊರೊನಾ ಕಾಲದಲ್ಲಿ ತಂದು ಉಳಿದಿದ್ದ ಸ್ಯಾನಿಟೈಸರ್ ಸುರಿದು ಕಡ್ಡಿ ಗೀರಿದರು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಯೇಸುವಿನ ನಾಮದಲ್ಲಿ ತೊಲಗು" ಎಂದು ಅವಳ ಬಾಯಲ್ಲೂ ಹೇಳಿಸಿದರು.

ಅಂದಿನಿಂದ ಶರೋನ್ ಒಬ್ಬಳೇ ಮಲಗುವುದಿಲ್ಲ. ಬಚ್ಚಲಿಗೆ ಹೋದರೆ ಅಮ್ಮ ಬಾಗಿಲಲ್ಲಿ ನಿಂತಿರಬೇಕು. ಎರಡು ಸಲ ಹಾಸಿಗೆ ಒದ್ದೆಯಾಗಿದೆ. ಸುಗುಣ ಅವರ ಪಾಲಿಗೆ ಇದೆಲ್ಲ ವಿಡಿಯೊ ನಿಜ ಅನ್ನುವುದಕ್ಕೆ ಸಾಕ್ಷಿ. ದೆವ್ವ ಬಿಡಿಸುವ 'ಬಿಡುಗಡೆಯ ಪ್ರಾರ್ಥನೆ' ಮಾಡಿಸಬೇಕಾ, ಯಾರ ಹತ್ತಿರ ಎಂದು ಕೇಳಲು ಬಂದಿದ್ದರು.

ನಾನು ಮಗುವನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿದೆ. ಮೊದಲ ದಿನ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಅಷ್ಟೇ. ಹೊರಡುವ ಹೊತ್ತಿಗೆ ಕೇಳಿದಳು: "ಆಂಟಿ, ಅದನ್ನ ಸುಟ್ಟಾಗ ಹೊಗೆ ಬಂತಲ್ಲ, ನನ್ನ ಮೂಗಿಗೆ ಹೋಯ್ತು. ಕೆಮ್ಮೂ ಬಂತು. ಹಾಗಾದ್ರೆ ಅದು ಈಗ ನನ್ನೊಳಗೇ ಇದೆಯಾ?"

ಗೊಂಬೆಯೊಳಗೆ ದೆವ್ವವಿದೆ ಎಂದು ದೊಡ್ಡವರೇ ಹೇಳಿದ ಮೇಲೆ ಮಗುವಿನ ಲೆಕ್ಕದಲ್ಲಿ ತಪ್ಪೇನಿದೆ? ಅದು ಪ್ಲಾಸ್ಟಿಕ್ಕಿನ ಹೊಗೆ, ಕೆಮ್ಮು ಬಂದದ್ದು ಅದಕ್ಕೇ ಅಂದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಅಮ್ಮನೇ ಹೇಳಬೇಕಿತ್ತು.

ಸುಗುಣ ಅವರಿಗೆ ಮೊದಲು ಗೊಂಬೆಯ ಹುಟ್ಟಿನ ಕಥೆ ಹೇಳಿದೆ. ಲಬೂಬುವನ್ನು ಬರೆದವರು ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದ ಚಿತ್ರಕಾರ ಕಾಸಿಂಗ್ ಲಂಗ್. ಉತ್ತರ ಯೂರೋಪಿನ ಜನಪದ ಕಥೆಗಳ ತುಂಟ ಜೀವಿಗಳನ್ನು ನೆನೆದು 2015ರಲ್ಲಿ ಮಾಡಿದ ಪಾತ್ರ ಅದು. 2019ರಿಂದ ಚೀನಾದ ಪಾಪ್ ಮಾರ್ಟ್ ಮಾರುತ್ತಿದೆ. ಪಜುಜು ಪ್ರಾಚೀನ ಮೆಸೊಪೊಟೇಮಿಯದವನು, ಜಗತ್ತಿಗೆ ಅವನ ಹೆಸರು ಹಬ್ಬಿದ್ದು 1973ರ ಒಂದು ಅಮೆರಿಕನ್ ಸಿನಿಮಾದಿಂದ. ಬಸುರಿಯರನ್ನೂ ಹಸುಗೂಸುಗಳನ್ನೂ ಕಾಡುವ ಲಮಾಷ್ಟು ಎಂಬವಳನ್ನು ಓಡಿಸಲು ಆ ಕಾಲದವರು ಇದೇ ಪಜುಜುವಿನ ತಾಯಿತ ಕಟ್ಟುತ್ತಿದ್ದರಂತೆ. ಗೊಂಬೆಗೂ ಅವನಿಗೂ ಸಂಬಂಧವಿಲ್ಲ. "ಹಲ್ಲು ನೋಡಿದ್ರೆ ಹಾಗೇ ಅನ್ಸುತ್ತೆ ಮೇಡಂ" ಅಂದರು. ಆ ಮುಖ ನಿಮಗೆ ಹಿಡಿಸದಿದ್ದರೆ ಬೇಡ ಅನ್ನಿ, ಅದು ತಾಯಿಯ ಹಕ್ಕು, ಅದಕ್ಕೆ ದೆವ್ವದ ಸಾಕ್ಷಿ ಬೇಕಿಲ್ಲ ಅಂದೆ.

ಹಾಗಂತ ನಾನು ಎಲ್ಲಕ್ಕೂ 'ಪರವಾಗಿಲ್ಲ' ಅನ್ನುವವಳಲ್ಲ. ಅಕ್ಷರಗಳ ಹಲಗೆಯ ವೀಜಾ (Ouija) ಬೋರ್ಡು, 2015ರಲ್ಲಿ ಶಾಲೆ ಶಾಲೆಗೂ ಹಬ್ಬಿದ ಎರಡು ಪೆನ್ಸಿಲ್‌ನ 'ಚಾರ್ಲಿ ಚಾರ್ಲಿ' ಆಟ, ಇವು ಕಾಣದ ಆತ್ಮವನ್ನು ಕರೆದು ಉತ್ತರ ಕೇಳುವ ಆಟಗಳು. ಬೈಬಲಿನ ಧರ್ಮೋಪದೇಶಕಾಂಡ 18 ಅದನ್ನು ನೇರವಾಗಿ ಬೇಡ ಅನ್ನುತ್ತದೆ, ನಾನೂ ಬೇಡ ಅನ್ನುತ್ತೇನೆ. ಆಟ ಮಗುವಿನಿಂದ ಏನು ಮಾಡಿಸುತ್ತದೆ ಅನ್ನುವುದನ್ನು ನೋಡುತ್ತೇನೆ, ಹಲ್ಲು ಎಷ್ಟು ಚೂಪು ಅನ್ನುವುದನ್ನಲ್ಲ.

ಆಮೇಲೆ ಬಸ್ ಟಿಕೆಟ್ ಇಟ್ಟಿದ್ದ ಪುಟ ತೆರೆಸಿ 19ನೇ ವಚನವನ್ನು ಅವರಿಂದಲೇ ಓದಿಸಿದೆ. ಎಫೆಸ ಪಟ್ಟಣದಲ್ಲಿ ಮಾಟಮಂತ್ರ ನಡೆಸುತ್ತಿದ್ದವರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರು, ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ.

"ಯಾರ ಪುಸ್ತಕ ಸುಗುಣ?"

"ಅವರದ್ದೇ."

"ನೀವು ಸುಟ್ಟಿದ್ದು?"

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಅವಳು ಬೇಡ ಮಮ್ಮಿ ಅಂತ ನನ್ನ ಕೈ ಹಿಡ್ಕೊಂಡಿದ್ಲು" ಅಂದರು.

ಮೂರನೇ ಭೇಟಿಯಲ್ಲಿ ಶರೋನ್ ಇನ್ನೊಂದು ಗಂಟು ಬಿಚ್ಚಿದಳು. ಟ್ಯೂಷನ್‌ಗೆ ಹೋಗುವ ಆಟೊ ದುಡ್ಡು ಉಳಿಸಿ, ಉಳಿಯದ್ದನ್ನು ಅಮ್ಮನ ಪರ್ಸಿನಿಂದ ತೆಗೆದು, ಅಂಗಡಿಯಲ್ಲಿ 300 ರೂಪಾಯಿಯ ನಕಲಿ ಲಬೂಬು ಡಬ್ಬಿ ಎರಡು ಕೊಂಡಿದ್ದಳು. ಒಳಗೆ ಯಾವ ಬಣ್ಣದ ಗೊಂಬೆ ಇದೆ ಅನ್ನುವುದು ಒಡೆಯುವವರೆಗೂ ತಿಳಿಯದು. "ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀನಿ ಆಂಟಿ. ಭಾರ ಇದ್ರೆ ಚೆನ್ನಾಗಿರೋದು ಅಂತ ಫ್ರೆಂಡ್ ಹೇಳಿದ್ಲು." ಎರಡರಲ್ಲೂ ಬೇಕಾದ್ದು ಬರಲಿಲ್ಲ. ಕದ್ದದ್ದಕ್ಕೇ ದೇವರು ದೆವ್ವವನ್ನು ಕಳಿಸಿದ ಎಂದು ಇಷ್ಟು ದಿನ ಒಬ್ಬಳೇ ನಂಬಿಕೊಂಡಿದ್ದಳು.

ಆಟಿಕೆಯಲ್ಲಿ ಕೆಟ್ಟ ಸಂದೇಶವಿದೆಯಾ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಡಬ್ಬಿಯನ್ನು. ಅಸಲಿ ಗೊಂಬೆಯ ಕೆಲವು ಸರಣಿಗಳಲ್ಲಿ 'ಸೀಕ್ರೆಟ್' ಗೊಂಬೆ ಸಿಗುವುದು 72ಕ್ಕೆ ಒಂದು ಡಬ್ಬಿಯಲ್ಲಿ. ಬಾರದಿದ್ದರೆ ಇನ್ನೊಂದು ಕೊಳ್ಳು. ಜೂಜಿನ ಕಟ್ಟೆಯಲ್ಲೂ ಇದೇ ಪಾಠ. ಈ ಗೊಂಬೆ ಹೊರಡುವ ಚೀನಾದಲ್ಲೇ 2023ರಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಇಂಥ ಡಬ್ಬಿ ಮಾರಬಾರದೆಂದು ಮಾರ್ಗಸೂಚಿ ತಂದರು. ಆ ವಿಡಿಯೊ ಮಾಡಿದ ಪುಣ್ಯಾತ್ಮರಿಗೆ ಹಲ್ಲು ಕಂಡಿತು, ಡಬ್ಬಿ ಕಾಣಲಿಲ್ಲ.

ಸುಗುಣ ಅವರಿಗೆ ಕೊಟ್ಟ ಸಲಹೆ ಉದ್ದವಿರಲಿಲ್ಲ. ಬಿಡುಗಡೆಯ ಪ್ರಾರ್ಥನೆ ಬೇಡ. ಮಗುವಿನ ಸುತ್ತ ನಾಲ್ಕು ಜನ ನಿಂತು ಕೂಗಿದರೆ, ಒಳಗೆ ಏನೋ ಇದೆ ಅನ್ನುವ ಅವಳ ಹೆದರಿಕೆಗೆ ಮೊಹರು ಬೀಳುತ್ತದೆ. ಅದರ ಬದಲು ರಾತ್ರಿ ತಲೆ ಮೇಲೆ ಕೈಯಿಟ್ಟು, ನೆಮ್ಮದಿಯಿಂದ ಮಲಗಿ ನಿದ್ದೆ ಮಾಡುವ ಮಾತಿರುವ ನಾಲ್ಕನೇ ಕೀರ್ತನೆ ಓದಿ, ಸಣ್ಣ ದನಿಯಲ್ಲಿ. ಹೊಗೆಯ ವಿಷಯ ನೀವೇ ಬಾಯಿಬಿಟ್ಟು ಹೇಳಿ: ಗೊಂಬೆಯಲ್ಲಿ ಏನೂ ಇರಲಿಲ್ಲ, ನಾನು ಹೆದರಿ ಸುಟ್ಟೆ, ನನ್ನದು ತಪ್ಪಾಯ್ತು ಅಂತ. ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದು ಪೌಲ ಎಫೆಸದವರಿಗೆ ಬರೆದದ್ದು ತಂದೆಗಳಿಗೆ, ಆದರೆ ನಿಮ್ಮ ಮನೆಯಲ್ಲಿ ಈಗ ತಂದೆಯ ಕೆಲಸವೂ ನಿಮ್ಮದೇ. ಪರ್ಸಿನ ವಿಷಯ ಬೇರೆ ದಿನ ಮಾತಾಡಿ. ಆಟೊ ಬಿಟ್ಟು ನಡೆದು ಆ ದುಡ್ಡು ತೀರಿಸಲಿ. ಒಂದು ತಿಂಗಳಾದರೂ ನಿದ್ದೆ, ಹಾಸಿಗೆ ಸರಿಹೋಗದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಚೀಟಿ ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಚೀಟಿ ಬೇಕಾಗಲಿಲ್ಲ. ತಪ್ಪಾಯ್ತು ಅನ್ನಲು ಸುಗುಣ ಅವರಿಗೆ ಎಂಟು ದಿನ ಹಿಡಿಯಿತು. ಹೇಳಿದ ಎರಡನೇ ವಾರಕ್ಕೆ ಹುಡುಗಿ ಬಚ್ಚಲಿಗೆ ಒಬ್ಬಳೇ ಹೋದಳು. ಲೈಟು ಮಾತ್ರ ಇನ್ನೂ ರಾತ್ರಿಯೆಲ್ಲ ಉರಿಯುತ್ತದೆ, ಉರಿಯಲಿ.

ಕೊನೆಯ ಭೇಟಿಯಲ್ಲಿ ನಾನು ಡಬ್ಬಿಯ ಆಟದ ಬಗ್ಗೆ ಹೇಳುತ್ತಿದ್ದಾಗ ಶರೋನ್ ನಡುವೆ ಬಾಯಿ ಹಾಕಿದಳು: "ಸುಗ್ಗಿ ಹಬ್ಬದಲ್ಲಿ ನಮ್ಮ ಸಭೆಯಲ್ಲೂ ಲಕ್ಕಿ ಡಿಪ್ ಇಡ್ತಾರಲ್ಲ ಆಂಟಿ? ಹೋದ ವರ್ಷ ನೀವೇ ಅಲ್ವಾ ಚೀಟಿ ಮಾರಿದ್ದು?" ಮಾರಿದ್ದೆ, ಒಂದಕ್ಕೆ ಇಪ್ಪತ್ತು ರೂಪಾಯಿಯಂತೆ. ನಮ್ಮ ಸಭೆಯ (ಚರ್ಚಿನ) ಅಯ್ಯನವರಿಗೆ ತಿಳಿಸಿದ್ದೇನೆ. ಕಮಿಟಿಯಲ್ಲಿಟ್ಟು ನೋಡೋಣ ಅಂದಿದ್ದಾರೆ.