ವಿಲ್ಲೆಮ್‌ಸ್ಟಾಡ್‌ನಲ್ಲಿ ಸೇತುವೆ ತೆರೆದಿದ್ದರೆ ದಾಟುವುದು ಹೇಗೆ?

ಕೆರಿಬಿಯನ್‌ನ ಕುರಸಾವೊ ದ್ವೀಪದ ರಾಜಧಾನಿ ವಿಲ್ಲೆಮ್‌ಸ್ಟಾಡ್‌ನಲ್ಲಿ ಪುಂಡಾ ಬಡಾವಣೆಯಿಂದ ಎದುರು ದಡದ ಒಟ್ರೊಬಾಂಡಾ ಕಡೆಗೆ ವಾಪಸ್ ಬರುವಾಗ ಸೇತುವೆಯೇ ಕಾಣದಿದ್ದರೆ, ಹಡಗಿಗೆ ದಾರಿ ಬಿಡಲು ಅದನ್ನು ದಡದ ಪಕ್ಕಕ್ಕೆ ಸರಿಸಿರುತ್ತಾರೆ. 1888ರ ಈ ಕ್ವೀನ್ ಎಮ್ಮಾ ಸೇತುವೆ ದೋಣಿಗಳ ಮೇಲೆ ತೇಲುವಂಥದ್ದು. ಎಂಜಿನ್ ಹಾಕಿ, ಬಾಗಿಲು ತೆರೆದ ಹಾಗೆ ಇಡೀ ಸೇತುವೆಯನ್ನೇ ತಿರುಗಿಸುತ್ತಾರೆ.

ಮೊದಲು ಸೇತುವೆಯ ಬಾವುಟ ನೋಡಿ. ಕಿತ್ತಳೆ ಬಣ್ಣದ್ದಾದರೆ ಸ್ವಲ್ಪ ಹೊತ್ತು ಅಷ್ಟೇ, ಅಲ್ಲೇ ನಿಲ್ಲಿ. ನೀಲಿ ಇದ್ದರೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಆಗ ಸುಮ್ನೆ ಕಾಯಬೇಡಿ, ಹತ್ತಿರದಲ್ಲೇ ಫೆರಿ ಓಡಿಸುತ್ತಾರೆ, ಅದನ್ನು ಹತ್ತಿ. ದುಡ್ಡು ಕೊಡಬೇಕಿಲ್ಲ. ಎತ್ತರದಲ್ಲಿ ಕಾಣುವ ಜೂಲಿಯಾನಾ ಸೇತುವೆ ವಾಹನಗಳಿಗೆ, ಆ ಕಡೆ ನಡೆಯಬೇಡಿ.

ಯಾವಾಗ ತೆರೆಯುತ್ತದೆ ಅನ್ನುವುದು ಹಡಗುಗಳ ಮೇಲೆ ಹೋಗುತ್ತದೆ, ಮೊದಲೇ ಹೇಳುವುದು ಕಷ್ಟ. ಕ್ರೂಸ್ ಹಡಗು ಹಿಡಿಯಬೇಕಿದ್ದರೆ ಅರ್ಧ ಗಂಟೆ ಮುಂಚೆಯೇ ಹೊರಡಿ. ನೀವು ಸೇತುವೆ ಮೇಲಿರುವಾಗಲೇ ಗೇಟ್ ಮುಚ್ಚಿದರೆ ಗಾಬರಿ ಬೇಡ, ಸೇತುವೆ ಜೊತೆಗೇ ಒಂದು ಸುತ್ತು ಹೋಗಿ ಬರಬಹುದು!