ರಿಬ್ಬನ್ ಕತ್ತರಿಸಿದ ಮೇಲೆ ಏನಾಯಿತು?

ಶಿವಮೊಗ್ಗದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕೆಇಬಿ ಕಾಲದಲ್ಲಿ ಕೆಲಸಕ್ಕೆ ಸೇರಿ, ಸಬ್‌ಸ್ಟೇಷನ್‌ಗಳಲ್ಲೇ ಆಯುಷ್ಯ ಕಳೆದು ನಿವೃತ್ತರಾದ ಇಂಜಿನಿಯರ್ ಅವರು. ಹೆಸರು ಹಾಕಬೇಡಿ ಎಂದಿದ್ದಾರೆ. ಸರಿ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು:

"ಹೋದ ಸಂಚಿಕೆಯಲ್ಲಿ ಆಫ್ಘಾನಿಸ್ತಾನದ ಬಗ್ಗೆ ಬರೆದಿರಿ. ಮತ್ತದೇ ಬಾಂಬು, ಹಸಿವು, ಗೋಳು. ಇಪ್ಪತ್ತು ವರ್ಷ ಅಲ್ಲಿ ಅಣೆಕಟ್ಟು ಕಟ್ಟಿದರು, ರಸ್ತೆ ಹಾಕಿದರು, ಶಾಲೆ ತೆರೆದರು. ನಮ್ಮ ಭಾರತವೇ ಎಷ್ಟು ಮಾಡಿತು! ಅದರಲ್ಲಿ ಒಂದೂ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ರಕ್ತ ಹರಿದರೆ ಮುಖಪುಟ, ನೀರು ಹರಿದರೆ ಒಳಪುಟದ ಮೂಲೆ. ವರದಿಗಾರರು ಹೋಟೆಲ್ ರೂಮಿನಲ್ಲಿ ಕೂತು ಬರೆದರೆ ಇನ್ನೇನಾಗುತ್ತದೆ? ಮಾಧ್ಯಮದವರಿಗೆ ಒಳ್ಳೆಯದು ಕಂಡರೆ ಆಗುವುದಿಲ್ಲ."

ಇಂಜಿನಿಯರ್ ಸಾಹೇಬರೇ, ರಕ್ತ ಮತ್ತು ನೀರಿನ ಸಾಲು ಸೊಗಸಾಗಿದೆ. ನಮ್ಮ ಡೆಸ್ಕಿನ ಹುಡುಗರಿಗೆ ಓದಿ ಹೇಳಿದೆ. ನಿಮ್ಮ ಮಾತಿನಲ್ಲಿ ನಿಜವೂ ಇದೆ. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಜಗಳ ಆಡೋಣ.

ನಿಮ್ಮದೇ ಕ್ಷೇತ್ರದ ಉದಾಹರಣೆ ಕೊಡುತ್ತೇನೆ. ಉತ್ತರದ ಪುಲ್-ಎ-ಖುಮ್ರಿಯಿಂದ ಕಾಬೂಲಿಗೆ 202 ಕಿಲೋಮೀಟರ್ ಉದ್ದದ 220 ಕೆವಿ ಲೈನು. ನಮ್ಮ ಪವರ್‌ಗ್ರಿಡ್ ನಿಗಮದ ನೇತೃತ್ವದಲ್ಲಿ ಎಳೆದದ್ದು. ಸಲಾಂಗ್ ಘಾಟಿಯ ಹಿಮದಲ್ಲಿ ಟವರ್ ನಿಲ್ಲಿಸುವುದು ಎಂಥ ಕೆಲಸ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆ ಲೈನಿನ ದೆಸೆಯಿಂದ 2009ರಲ್ಲಿ ಉಜ್ಬೇಕಿಸ್ತಾನದ ಕರೆಂಟ್ ಕಾಬೂಲಿಗೆ ಬಂತು. ದಿನಕ್ಕೆ ನಾಲ್ಕಾರು ಗಂಟೆ ದೀಪ ಉರಿದರೆ ಪುಣ್ಯ ಎನ್ನುತ್ತಿದ್ದ ಊರಿಗೆ ಹಗಲು ರಾತ್ರಿ ಕರೆಂಟ್ ಸಿಕ್ಕಿತು. ಇದಕ್ಕೆ ಎಷ್ಟು ಮುಖಪುಟ ಸಿಕ್ಕಿತು? ನನಗೆ ನೆನಪಿಲ್ಲ, ಯಾಕೆಂದರೆ ಸಿಕ್ಕೇ ಇಲ್ಲ. ಆ ಲೈನು ದೊಡ್ಡ ಸುದ್ದಿಯಾದದ್ದು 2016ರ ಜನವರಿಯಲ್ಲಿ, ತಾಲಿಬಾನಿಗಳು ಬಗ್ಲಾನ್ ಪ್ರಾಂತ್ಯದಲ್ಲಿ ಟವರ್ ಉರುಳಿಸಿದಾಗ. ನಿಮ್ಮ ದೂರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೂ ಸಿಗಲಿಕ್ಕಿಲ್ಲ. ತಗೊಳ್ಳಿ.

ಇನ್ನು ಜಗಳ.

ಆಫ್ಘಾನಿಸ್ತಾನದ ಪುನರ್ನಿರ್ಮಾಣದ ಬಗ್ಗೆ ಒಳ್ಳೆಯ ಸುದ್ದಿ ಕಡಿಮೆ ಬಂತು ಎನ್ನುತ್ತೀರಿ. ನಾನು ಹೇಳುವುದು, ಜಾಸ್ತಿ ಬಂತು ಅಂತ. ಬೇಕಾದ್ದಕ್ಕಿಂತ ಬಹಳ ಜಾಸ್ತಿ. ಎಲ್ಲವೂ ಒಂದೇ ದಿನದ ಸುದ್ದಿ, ಉದ್ಘಾಟನೆಯ ದಿನದ್ದು. ಮದುವೆ ಮನೆಯಲ್ಲಿ ಊಟ ಮಾಡಿ ಬಂದವನು ಗಂಡ ಹೆಂಡಿರ ಸಂಸಾರಕ್ಕೆ ಸರ್ಟಿಫಿಕೇಟ್ ಕೊಟ್ಟ ಹಾಗೆ ನಾವು ಪತ್ರಿಕೆಯವರು ಇಪ್ಪತ್ತು ವರ್ಷ ಸರ್ಟಿಫಿಕೇಟ್ ಹಂಚಿದೆವು.

ಕಜಾಕಿಯ ಕತೆ ಕೇಳಿ. ನೀವು ಇಂಜಿನಿಯರ್, ನಿಮಗೆ ಹೊಟ್ಟೆ ಉರಿಯುತ್ತದೆ.

ಹೆಲ್ಮಂಡ್ ಪ್ರಾಂತ್ಯದಲ್ಲಿ ಕಜಾಕಿ ಅಂತ ಒಂದು ಅಣೆಕಟ್ಟು. ಅಮೆರಿಕದ ಕಂಪನಿಯೊಂದು 1953ರಲ್ಲೇ ಕಟ್ಟಿ ಮುಗಿಸಿದ್ದು. ಎಪ್ಪತ್ತರ ದಶಕದಲ್ಲಿ ಅಲ್ಲಿ ವಿದ್ಯುದಾಗಾರ ಮಾಡಿ ಎರಡು ಟರ್ಬೈನ್ ಕೂರಿಸಿದರು. ಮೂರನೆಯದಕ್ಕೆ ಜಾಗ ಬಿಟ್ಟರು. ಆಮೇಲೆ ರಷ್ಯನ್ನರು ಬಂದರು, ಅಂತರ್ಯುದ್ಧ ಬಂತು, ಜಾಗ ಖಾಲಿಯೇ ಉಳಿಯಿತು. 2008ರಲ್ಲಿ ಆ ಮೂರನೆಯ ಟರ್ಬೈನನ್ನು ಹೇಗಾದರೂ ಕೂರಿಸಲೇಬೇಕು ಎಂದು ತೀರ್ಮಾನವಾಯಿತು. ಟರ್ಬೈನಿನ ಭಾಗಗಳು ಕಂದಹಾರಕ್ಕೆ ಬಂದವು. ಅಲ್ಲಿಂದ ಕಜಾಕಿಗೆ ಇರುವ ರಸ್ತೆ ತಾಲಿಬಾನಿಗಳ ಕೈಯಲ್ಲಿತ್ತು. ಆಗಸ್ಟ್ ಕೊನೆಯಲ್ಲಿ ಬ್ರಿಟಿಷ್ ಸೇನೆ ಮುಂದೆ ನಿಂತು, ಸುಮಾರು ನೂರು ವಾಹನಗಳ ಸಾಲು ಕಟ್ಟಿ, ಸಾವಿರಾರು ಸೈನಿಕರ ಕಾವಲಿನಲ್ಲಿ, ರಸ್ತೆ ಬಿಟ್ಟು ಮರುಭೂಮಿಯಲ್ಲೇ ದಾರಿ ಮಾಡಿಕೊಂಡು ಹೊರಟಿತು. ಮೇಲೆ ಹೆಲಿಕಾಪ್ಟರು, ವಿಮಾನ. ಐದು ದಿನದ ಪ್ರಯಾಣ. ಟರ್ಬೈನಿನ ಭಾಗಗಳು ಪೆಟ್ಟಾಗದೆ ತಲುಪಿದವು.

ಅಬ್ಬಾ, ಸುದ್ದಿ ಅಂದರೆ ಅದು! ಪತ್ರಿಕೆ, ಟೀವಿ ಎಲ್ಲ ಕಡೆ ಬಂತು. ಎರಡನೇ ಮಹಾಯುದ್ಧದ ನಂತರ ಇಂಥ ಸಾಹಸ ಇನ್ನೊಂದಿಲ್ಲ ಎಂಬ ಧಾಟಿ. ಇನ್ನು ಹೆಲ್ಮಂಡಿನ ಮನೆಮನೆಗೂ ದೀಪ. ನೀವು ಕೇಳುವ ಒಳ್ಳೆಯ ಸುದ್ದಿ ಇದೇ ಅಲ್ವಾ?

ಟರ್ಬೈನ್ ಕೂರಿಸಬೇಕಾದರೆ ಕಾಂಕ್ರೀಟ್ ಹಾಕಬೇಕು. ಕಾಂಕ್ರೀಟಿಗೆ ನೂರಾರು ಟನ್ ಸಿಮೆಂಟ್ ಬೇಕು. ಸಿಮೆಂಟ್ ಬರುವುದು ಅದೇ ರಸ್ತೆಯಲ್ಲಿ. ರಸ್ತೆ ತಾಲಿಬಾನಿಗಳದ್ದು. ಟರ್ಬೈನ್ ತರುವಾಗ ಒಂದು ಸಲ ಮರುಭೂಮಿ ದಾಟಿದ ಹಾಗೆ ಸಿಮೆಂಟ್ ಲಾರಿಗಳಿಗೆ ದಿನಾ ದಾಟಲು ಆಗುತ್ತದೆಯೇ? ಕೂರಿಸುವ ಕೆಲಸಕ್ಕೆ ಬಂದಿದ್ದ ಚೀನಾದ ಗುತ್ತಿಗೆದಾರರು ಜೀವಭಯದಿಂದ ಜಾಗ ಖಾಲಿ ಮಾಡಿದರು. ಟರ್ಬೈನಿನ ಭಾಗಗಳು ಅಣೆಕಟ್ಟಿನ ಪಕ್ಕದಲ್ಲೇ ಬಿಸಿಲಿಗೆ ಬಿದ್ದುಕೊಂಡವು. ಒಂದು ವರ್ಷ ಎರಡು ವರ್ಷ ಅಲ್ಲ. ಅದು ತಿರುಗಿದ್ದು 2016ರಲ್ಲಿ, ಎಂಟು ವರ್ಷ ಆದ ಮೇಲೆ. ಆ ಹೊತ್ತಿಗೆ ಬ್ರಿಟಿಷ್ ಸೇನೆ ಹೆಲ್ಮಂಡ್ ಬಿಟ್ಟು ಹೋಗಿ ಎರಡು ವರ್ಷ ಆಗಿತ್ತು.

ಐದು ದಿನದ ಪ್ರಯಾಣಕ್ಕೆ ಸಿಕ್ಕ ಜಾಗದ ಹತ್ತನೇ ಒಂದು ಪಾಲು ಈ ಎಂಟು ವರ್ಷಕ್ಕೆ ಸಿಗಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ. ಮೊದಲ ವರದಿಯಲ್ಲಿ ಸುಳ್ಳಿರಲಿಲ್ಲ. ಸೈನಿಕರ ಧೈರ್ಯ ನಿಜ, ಟರ್ಬೈನ್ ತಲುಪಿದ್ದೂ ನಿಜ. ಆದರೆ ಓದಿದವನ ತಲೆಯಲ್ಲಿ ಉಳಿದದ್ದು ಏನು? ಕಜಾಕಿಯಲ್ಲಿ ಕೆಲಸ ಮುಗಿಯಿತು, ದೀಪ ಹತ್ತಿತು ಅಂತ.

ಒಂದೇ ಕತೆ ಹಿಡಿದುಕೊಂಡು ಎಳೆಯುತ್ತಿದ್ದೀರಿ ಎನ್ನಬಹುದು ನೀವು. ಕಾಬೂಲಿನ ಹೊರಗೆ ತಾರಾಖಿಲ್ ಎಂಬಲ್ಲಿ ಅಮೆರಿಕ 33.5 ಕೋಟಿ ಡಾಲರ್ ಸುರಿದು 105 ಮೆಗಾವ್ಯಾಟ್‌ನ ಸ್ಥಾವರ ಕಟ್ಟಿತು. ಯಾವ ಇಂಧನ? ಡೀಸೆಲ್! ಲಾರಿಯಲ್ಲಿ ತರಬೇಕಾದ ದುಬಾರಿ ಡೀಸೆಲ್. ಉಜ್ಬೇಕಿಸ್ತಾನದಿಂದ ಅದರ ಸಣ್ಣ ಪಾಲಿನ ದರದಲ್ಲಿ ಕರೆಂಟ್ ಬರುತ್ತಿರುವಾಗ ಡೀಸೆಲ್ ಯಾರು ಸುಡುತ್ತಾರೆ? ವರ್ಷಗಟ್ಟಲೆ ಅದು ಬಹುತೇಕ ಸುಮ್ನೆ ನಿಂತಿತ್ತು. ಉದ್ಘಾಟನೆ ಮಾತ್ರ ಭರ್ಜರಿಯಾಗಿಯೇ ಆಯಿತು.

ಇದೆಲ್ಲ ಹೊರಗೆ ಬಂದದ್ದು ಬಹುಪಾಲು ಪತ್ರಕರ್ತರಿಂದಲೂ ಅಲ್ಲ. ಲೆಕ್ಕಪರಿಶೋಧಕರಿಂದ. ಆಫ್ಘನ್ ಪುನರ್ನಿರ್ಮಾಣದ ಖರ್ಚನ್ನು ನೋಡಿಕೊಳ್ಳಲೆಂದೇ ಅಮೆರಿಕದ ಸಂಸತ್ತು 2008ರಲ್ಲಿ 'ಸಿಗಾರ್' ಎಂಬ ಕಚೇರಿ ಮಾಡಿತು. 2012ರಿಂದ ಅದರ ಮುಖ್ಯಸ್ಥರಾಗಿದ್ದವರು ಜಾನ್ ಸಾಪ್ಕೊ. ಆ ಮನುಷ್ಯನ ವರದಿಗಳನ್ನು ನಾನು ರಾತ್ರಿ ಮಲಗುವ ಮುಂಚೆ ಓದುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ, ಆ ಮಾತು ಬೇರೆ. ಅಮೆರಿಕದ ನೆರವು ಸಂಸ್ಥೆ ದುಡ್ಡು ಕೊಡುತ್ತಿದ್ದ 641 ಆಸ್ಪತ್ರೆ, ಕ್ಲಿನಿಕ್‌ಗಳ ಪಟ್ಟಿಯನ್ನು 2015ರಲ್ಲಿ ಇವರು ತೆಗೆದು, ಅದರಲ್ಲಿ ಕೊಟ್ಟಿದ್ದ ಅಕ್ಷಾಂಶ ರೇಖಾಂಶ ನಕ್ಷೆಯಲ್ಲಿ ಹಾಕಿ ನೋಡಿದರು. 13 ಕ್ಲಿನಿಕ್‌ಗಳು ಆಫ್ಘಾನಿಸ್ತಾನದ ಒಳಗೇ ಇರಲಿಲ್ಲ. ಒಂದಂತೂ ಮೆಡಿಟರೇನಿಯನ್ ಸಮುದ್ರದ ನಡುವೆ! ಕ್ಲಿನಿಕ್‌ಗಳು ಇವೆ, ಗುರುತು ಹಾಕಿದ್ದು ತಪ್ಪಿದೆ ಎಂದು ಸಂಸ್ಥೆ ಹೇಳಿತು. ಇರಲಿ, ಇದ್ದವೆಂದೇ ನಂಬೋಣ. ಆದರೆ ಎಲ್ಲಿದೆ ಎಂದೇ ದಾಖಲೆಯಲ್ಲಿ ಸರಿಯಾಗಿಲ್ಲದ ಕ್ಲಿನಿಕ್ಕಿಗೆ ಹೋಗಿ ನೋಡಿದವರು ಯಾರು?

ಶಾಲೆಯ ವಿಷಯವೂ ಹೀಗೇ. 2001ರಲ್ಲಿ ಹತ್ತು ಲಕ್ಷವೂ ಇರದಿದ್ದ ಮಕ್ಕಳು ಈಗ ಎಂಬತ್ತು ಲಕ್ಷ ಎಂಬ ಅಂಕಿ ನೀವೂ ಓದಿರುತ್ತೀರಿ. ಭಾಷಣದಿಂದ ಭಾಷಣಕ್ಕೆ, ಪತ್ರಿಕೆಯಿಂದ ಪತ್ರಿಕೆಗೆ ಹಾರಿದ ಅಂಕಿ. ಹಾಜರಿ ಪುಸ್ತಕದಲ್ಲಿ ಒಂದು ಸಲ ಹೆಸರು ಬಂದರೆ, ಮಗು ಶಾಲೆ ಬಿಟ್ಟು ಮೂರು ವರ್ಷದವರೆಗೂ ಲೆಕ್ಕದಲ್ಲಿ ಇರುತ್ತಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು? ಆಜ್ಮತ್ ಖಾನ್ ಎಂಬ ಅಮೆರಿಕದ ವರದಿಗಾರ್ತಿ 2015ರಲ್ಲಿ ಅಮೆರಿಕದ ದುಡ್ಡಿನ ಐವತ್ತಕ್ಕೂ ಹೆಚ್ಚು ಶಾಲೆಗಳಿಗೆ ಖುದ್ದು ಹೋಗಿ ನೋಡಿದರು. ಕನಿಷ್ಠ ಹತ್ತರಲ್ಲೊಂದು ಮುಚ್ಚಿತ್ತು, ಇಲ್ಲವೇ ಕಟ್ಟಿಯೇ ಇರಲಿಲ್ಲ. ಹುಡುಗಿಯರು ಓದಿದ್ದು ಸುಳ್ಳೇ? ಖಂಡಿತ ಅಲ್ಲ. ಲಕ್ಷಗಟ್ಟಲೆ ಹುಡುಗಿಯರು ಓದಿದರು, ಡಾಕ್ಟರಾದರು, ಟೀಚರಾದರು. 2021ರ ನಂತರ ಹೈಸ್ಕೂಲಿನ ಬಾಗಿಲು ಮುಚ್ಚಿದಾಗ ಬೀದಿಗಿಳಿದು ಕೂಗಿದವರು ಅವರೇ. ಹೋಗಿ ನೋಡಿ, ಎಣಿಸಿ ಬರೆದಿದ್ದರೆ ಆ ನಿಜಕ್ಕೆ ಇನ್ನಷ್ಟು ತೂಕ ಬರುತ್ತಿತ್ತು.

ಹೋಟೆಲ್ ರೂಮಿನ ಮಾತು ಮಾತ್ರ ನಿಮ್ಮಂಥವರ ಬಾಯಲ್ಲಿ ಬರಬಾರದಿತ್ತು. 2018ರ ಏಪ್ರಿಲ್ 30ರಂದು ಕಾಬೂಲಿನಲ್ಲಿ ಒಂದು ಸ್ಫೋಟ ಆಯಿತು. ವರದಿಗೆ ಓಡಿ ಬಂದವರ ನಡುವೆ ಕ್ಯಾಮೆರಾ ಹಿಡಿದು ಪತ್ರಕರ್ತನ ವೇಷದಲ್ಲಿ ಬಂದವನು ಎರಡನೇ ಬಾಂಬ್ ಸಿಡಿಸಿಕೊಂಡ. ಒಂಬತ್ತು ಪತ್ರಕರ್ತರು ಅಲ್ಲೇ ಸತ್ತರು. ಎಲ್ಲರೂ ಆಫ್ಘನ್ನರು. ಅದೇ ದಿನ ಖೋಸ್ತ್‌ನಲ್ಲಿ ಇನ್ನೊಬ್ಬ ಯುವ ವರದಿಗಾರನನ್ನು ಗುಂಡಿಟ್ಟು ಕೊಂದರು. ರಾಯಿಟರ್ಸ್‌ನ ಫೋಟೋಗ್ರಾಫರ್, ನಮ್ಮ ದಾನಿಶ್ ಸಿದ್ದೀಕಿ 2021ರ ಜುಲೈಯಲ್ಲಿ ಸ್ಪಿನ್ ಬೋಲ್ಡಕ್‌ನಲ್ಲಿ ಸತ್ತಿದ್ದು ಹೋಟೆಲ್ ರೂಮಿನಲ್ಲಿ ಅಲ್ಲ. ಇದನ್ನು ಬೇಸರದಿಂದ ಹೇಳುತ್ತಿದ್ದೇನೆ, ಸಿಟ್ಟಿನಿಂದ ಅಲ್ಲ.

"ಒಳ್ಳೆಯದನ್ನೇ ಬರೆಯಿರಿ" ಎಂದು ಪತ್ರಿಕೆಗಳಿಗೆ ದುಡ್ಡು ಕೊಟ್ಟು ಬರೆಸಿ ನೋಡಿದ್ದೂ ಆಗಿದೆ. ಅದು ಇರಾಕಿನಲ್ಲಿ. ಅಮೆರಿಕದ ಸೈನ್ಯದವರೇ ಪುನರ್ನಿರ್ಮಾಣದ ಸಿಹಿ ಸುದ್ದಿ ತಯಾರಿಸುವುದು, ಲಿಂಕನ್ ಗ್ರೂಪ್ ಎಂಬ ಕಂಪನಿ ಅದನ್ನು ಅರಬ್ಬಿಗೆ ತಿರುಗಿಸಿ, ಬಾಗ್ದಾದಿನ ಪತ್ರಿಕೆಗಳಿಗೆ ಕಾಸು ಕೊಟ್ಟು, ಮಾಮೂಲಿ ಸುದ್ದಿಯಂತೆ ಹಾಕಿಸುವುದು. 2005ರ ನವೆಂಬರಿನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಇದನ್ನು ಬಯಲು ಮಾಡಿತು. ಬಾಗ್ದಾದಿನ ಓದುಗನಿಗೆ ಮೊದಲೇ ಅನುಮಾನ ಇದ್ದಿರಬೇಕು. ಮನೆಯಲ್ಲಿ ಕರೆಂಟ್ ಇಲ್ಲದವನಿಗೆ ಕರೆಂಟ್ ಬಂದಿದೆ ಎಂದು ಪೇಪರಿನಲ್ಲಿ ಹೇಳಿದರೆ ಅವನು ಪೇಪರನ್ನು ಯಾಕೆ ನಂಬುತ್ತಾನೆ?

ಈಗ ಆಫ್ಘಾನಿಸ್ತಾನದಲ್ಲಿ ನಮ್ಮ ಭಾರತ ಮಾಡಿದ ಕೆಲಸದ ವಿಷಯ. ನೀವು ಎದೆಯುಬ್ಬಿಸಿ ಬರೆದ ಭಾಗ ಅದು, ಸರಿಯಾಗಿಯೇ ಬರೆದಿದ್ದೀರಿ. ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿಲೋಮೀಟರ್ ರಸ್ತೆ. ನಮ್ಮ ಗಡಿ ರಸ್ತೆ ಸಂಸ್ಥೆ ಹಾಕಿದ್ದು, 2009ರ ಜನವರಿಯಲ್ಲಿ ಒಪ್ಪಿಸಿದ್ದು. ಅದರ ಕೆಲಸದಲ್ಲಿ 6 ಮಂದಿ ಭಾರತೀಯರೂ 129 ಆಫ್ಘನ್ನರೂ ಪ್ರಾಣ ಕೊಟ್ಟರು. ಆರರ ಲೆಕ್ಕ ನಮ್ಮ ಪತ್ರಿಕೆಗಳಲ್ಲಿ ಬಂತು, 129ರ ಲೆಕ್ಕ ಎಷ್ಟು ಕಡೆ ಬಂತು? ಹೆರಾತ್‌ನ ಸಲ್ಮಾ ಅಣೆಕಟ್ಟು 2016ರ ಜೂನ್ 4ರಂದು ಉದ್ಘಾಟನೆ ಆಯಿತು. 42 ಮೆಗಾವ್ಯಾಟ್, 75,000 ಹೆಕ್ಟೇರಿಗೆ ನೀರು ಎಂದು ಎಲ್ಲರೂ ಬರೆದರು. ಪ್ರಧಾನಿ ಮೋದಿ ಮತ್ತು ಅಧ್ಯಕ್ಷ ಘನಿ ಇಬ್ಬರೂ ಗುಂಡಿ ಒತ್ತುವ ಫೋಟೋ ನಾನೂ ನೋಡಿದೆ. 75,000 ಹೆಕ್ಟೇರ್ ಎನ್ನುವುದು ಯೋಜನೆಯ ಲೆಕ್ಕ. ನಿಜವಾಗಿ ಎಷ್ಟು ಗದ್ದೆಗೆ ನೀರು ಹೋಯಿತು, ಕಾಲುವೆಯ ಕೊನೆಯಲ್ಲಿದ್ದ ರೈತ ಏನಂದ ಎಂದು ಕನ್ನಡದಲ್ಲಿ ಒಂದು ವರದಿಯನ್ನೂ ನಾನು ಓದಿಲ್ಲ. ನೀವು ಓದಿದ್ದರೆ ಕತ್ತರಿಸಿ ಕಳಿಸಿ.

ಬರುವುದಾದರೂ ಹೇಗೆ? ಹೆರಾತ್ ಬಿಡಿ, ದೆಹಲಿಯಲ್ಲೇ ಪೂರ್ತಿ ಸಮಯದ ವರದಿಗಾರನನ್ನು ಇಟ್ಟುಕೊಳ್ಳಲು ಕೈಲಾಗದ ಪತ್ರಿಕೆಗಳು ನಮ್ಮವು. ಏಜೆನ್ಸಿ ಕಳಿಸುತ್ತದೆ, ಡೆಸ್ಕು ತಿರುಗಿಸುತ್ತದೆ, ಪುಟ ತುಂಬುತ್ತದೆ. ಹೊರದೇಶ ಬಿಟ್ಟುಬಿಡಿ. ನಮ್ಮ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಉದ್ಘಾಟನೆಯಾಗದ ವಾರ ಇತ್ತೇ ಒಂದು ಕಾಲದಲ್ಲಿ? ಶಾಸಕರು ನಲ್ಲಿ ತಿರುಗಿಸುವ ಫೋಟೋ, ಹಿಂದೆ ಇಪ್ಪತ್ತು ಮಂದಿ ನಗುವ ಮುಖ. ಫಿಲ್ಟರ್ ಬದಲಾಯಿಸುವವರಿಲ್ಲದೆ ನಿಂತುಹೋದ ಘಟಕಗಳ ಮುಂದೆ ಯಾರೂ ಗುಂಪು ಫೋಟೋ ತೆಗೆಸಿಕೊಳ್ಳುವುದಿಲ್ಲ. ಫಾಲೋ ಅಪ್ ಮಾಡಿ ಎಂದರೆ ಹುಡುಗರು ನನ್ನನ್ನು ಹಳೇ ಕಾಲದವನಂತೆ ನೋಡುತ್ತಾರೆ. ಅವರದ್ದೂ ತಪ್ಪಿಲ್ಲ. ಉದ್ಘಾಟನೆಗೆ ಕಾರು ಬರುತ್ತದೆ, ಪ್ರೆಸ್ ನೋಟ್ ಬರುತ್ತದೆ, ಊಟ ಇರುತ್ತದೆ. ಫಾಲೋ ಅಪ್‌ಗೆ ಬಸ್ ಚಾರ್ಜೂ ಸಿಗುವುದಿಲ್ಲ.

ಅಷ್ಟೂ ಸಾಲದು ಎಂಬಂತೆ, ಈಗ ಆಫ್ಘಾನಿಸ್ತಾನದಲ್ಲಿ ನಡೆಯುತ್ತಿರುವ ಕೆಲಸ ನೋಡಲು ಹೊರಗಿನವರಿಗೆ ದಾರಿಯೇ ಕಡಿಮೆ. 2022ರಿಂದ ತಾಲಿಬಾನ್ ಸರ್ಕಾರ ಅಮು ದರಿಯಾ ನದಿಯಿಂದ ಕೋಶ್ ತೆಪಾ ಎಂಬ 285 ಕಿಲೋಮೀಟರ್ ಕಾಲುವೆ ತೋಡಿಸುತ್ತಿದೆ. ದೊಡ್ಡ ಕೆಲಸವೇ, ಸಂಶಯವಿಲ್ಲ. ಡ್ರೋನ್ ವಿಡಿಯೋಗಳಲ್ಲಿ ಸಾಲು ಸಾಲು ಜೆಸಿಬಿ, ಧೂಳು, ಹಿನ್ನೆಲೆಯಲ್ಲಿ ಗಾಯನ. 2023ರ ಕೊನೆಯಲ್ಲಿ ಕಾಲುವೆಯ ಪಕ್ಕದಲ್ಲಿ ನೀರು ಹರಡಿ ಕೆರೆಯ ಹಾಗೆ ನಿಂತಿರುವುದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ದಂಡೆ ಒಡೆದಿದೆ ಎಂದರು ನೋಡಿದವರು, ನಾವೇ ಬಿಟ್ಟ ನೀರು ಎಂದಿತು ಸರ್ಕಾರ. ದಂಡೆಯ ಮೇಲೆ ನಿಂತು ನೋಡಿ ಹೇಳುವ ಸ್ವತಂತ್ರ ವರದಿಗಾರ ಅಲ್ಲಿ ಇರಲಿಲ್ಲ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಸಬ್‌ಸ್ಟೇಷನ್ನಿನ ಗೇಟಿನೊಳಗೆ ಕಾಲಿಟ್ಟ ಕೂಡಲೇ ಅದು ನಡೆಯುತ್ತಿದೆಯೋ, ಬರೀ ಬಣ್ಣ ಬಳಿದು ನಿಲ್ಲಿಸಿದ್ದಾರೋ ಎಂದು ನಿಮಗೆ ಗೊತ್ತಾಗುತ್ತದೆ. ಯಾವ ಮೀಟರ್ ನೋಡಬೇಕು, ಯಾವ ಲಾಗ್ ಬುಕ್ ಕೇಳಬೇಕು, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಗ್ಗೆ ಆಪರೇಟರನ್ನು ಏನು ಕೇಳಬೇಕು, ಇದನ್ನೆಲ್ಲ ಎರಡು ಪುಟದಲ್ಲಿ ಬರೆದು ಕಳಿಸಿ. ಮುಂದಿನ ತಿಂಗಳು 20ರೊಳಗೆ ಕೈ ಸೇರಿದರೆ ಅದರ ಮುಂದಿನ ಸಂಚಿಕೆಗೇ ಹಾಕುತ್ತೇನೆ. ಹೆಸರು ಬೇಕೋ ಬೇಡವೋ, ಆಗ ತಿಳಿಸಿ.

— ಸಂಪಾದಕ