ತಾತನ ಸೈಕಲ್ಲಿಗೆ ಸುಮ್ನೆ ವಯಸ್ಸು ಏರಿಸಬೇಡಿ

ಬಂಗಾರಪೇಟೆಯ ಗೆಳೆಯರಿಗೆ ನಮಸ್ಕಾರ.

ನಿಮ್ಮ ‘ದೊರೆ ಕೊಟ್ಟ ಸೈಕಲ್ಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಟ್ಟದಲ್ಲಿ ಸಿಕ್ಕ ತಾತನ ರ್‍ಯಾಲಿ ಸೈಕಲ್ಲು 1890ರದ್ದು, ಕೆಜಿಎಫ್‌ನ ಬ್ರಿಟಿಷ್ ದೊರೆಯೊಬ್ಬ ಅದನ್ನು ನಿಮ್ಮ ಮುತ್ತಾತನಿಗೆ ಕೊಟ್ಟ ಅಂತ ಬರೆದಿದ್ದೀರಿ. ಚಿನ್ನದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ 1880ರ ಹೊತ್ತಿಗೇ ಅಲ್ಲಿಗೆ ಬಂದಿತ್ತು, ದೊರೆಗಳಿಗೇನೂ ಕೊರತೆ ಇರಲಿಲ್ಲ. ಆದರೆ ನಿಮ್ಮ ಮಾತಿಗೆ ನಿಮ್ಮ ಲೇಖನವೇ ಒಪ್ಪುತ್ತಿಲ್ಲ.

ಮೂರನೇ ಪುಟ ನೋಡಿ. ತಾತ ರಾಬರ್ಟ್‌ಸನ್‌ಪೇಟೆಯ ಇಳಿಜಾರಿನಲ್ಲಿ ಪೆಡಲ್ ತುಳಿಯದೆ, ಕಾಲು ಆಡಿಸದೆ ಜುಮ್ಮಂತ ಇಳಿದು ಬರುತ್ತಿದ್ದರು ಅಂತಿದೆ. ಚೆನ್ನಾಗಿದೆ. ಆದರೆ 1890ರ ಸೈಕಲ್ಲುಗಳಿಗೆ ಫ್ರೀ ವೀಲ್ ಇರುತ್ತಿರಲಿಲ್ಲ. ಚಕ್ರ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗುತ್ತಿತ್ತು. ಇಳಿಜಾರು ಬಂದರೆ ಪೆಡಲಿನಿಂದ ಕಾಲು ತೆಗೆದು ಮುಂದಿನ ಫೋರ್ಕಿನ ಮೇಲಿಟ್ಟುಕೊಂಡು ದೇವರ ಮೇಲೆ ಭಾರ ಹಾಕಬೇಕಿತ್ತು! ಮುಂದೆ, ‘ಹಳೇ ಕ್ರೋಮ್ ಇನ್ನೂ ಫಳಫಳ’ ಅಂತೀರಿ. ಆಗ ಇದ್ದದ್ದು ನಿಕಲ್ ಲೇಪ. ಸೈಕಲ್ಲಿಗೆ ಕ್ರೋಮ್ ಬಂದದ್ದು ಎಷ್ಟೋ ವರ್ಷ ಆದಮೇಲೆ.

ಹಿಂದಿನ ಚಕ್ರದ ನಡುವಿನ ಹಬ್ಬಿನ ಮೇಲೆ ಅದನ್ನು ಮಾಡಿದ ಕಂಪನಿ ಸ್ಟರ್ಮಿ ಆರ್ಚರ್ ಎಂಬ ಹೆಸರಿನ ಜೊತೆ 56 ಅಂತ ಒತ್ತಿದೆ, ‘ಯಾವುದೋ ಪಾರ್ಟ್ ನಂಬರ್ ಇರಬೇಕು’ ಎಂದು ದಾಟಿಸಿಬಿಟ್ಟಿದ್ದೀರಿ. ಅದು ಇಸವಿ ಕಣ್ರೀ, 1956. ಹಬ್ಬನ್ನು ಬೇಕಾದರೆ ಆಮೇಲೆ ಬದಲಾಯಿಸಿರಬಹುದು, ಅದೊಂದನ್ನೇ ನಂಬಬೇಡಿ. ಆದರೆ ಮುಂದಿನ ಬ್ಯಾಡ್ಜಿನಲ್ಲಿ ಸೆನ್-ರ್‍ಯಾಲಿ ಅಂತಿದೆ ಎಂದು ನೀವೇ ಬರೆದಿದ್ದೀರಲ್ಲ? ಆ ಕಾರ್ಖಾನೆ ಇದ್ದದ್ದು ಮೂಲ ಕಂಪನಿಯ ಊರಾದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಲ್ಲ, ಬಂಗಾಳದ ಆಸನ್ಸೋಲ್‌ನಲ್ಲಿ. ಶುರುವಾದದ್ದು ಸ್ವಾತಂತ್ರ್ಯ ಬಂದ ಮೇಲೆ.

ದೊರೆ ಹೋದ. ಹೋದರೆ ಹೋಗಲಿ ಬಿಡಿ. ಗಣಿಗಳು ಕಂಪನಿಯ ಕೈಯಿಂದ ಮೈಸೂರು ಸರ್ಕಾರಕ್ಕೆ ಬಂದದ್ದೂ 1956ರಲ್ಲೇ. ಸುಮಾರು ಅದೇ ಕಾಲಕ್ಕೆ ಗಣಿ ಕೆಲಸದ ಒಬ್ಬ ಮನುಷ್ಯ ನಮ್ಮ ದೇಶದಲ್ಲೇ ತಯಾರಾದ ಸೈಕಲ್ಲನ್ನು ಸ್ವಂತ ಸಂಬಳದಲ್ಲಿ ಕೊಂಡಿದ್ದಾನೆ ಅಂದರೆ, ನನಗೆ ಅದು ಬಹುಮಾನದ ಕಥೆಗಿಂತ ಜಾಸ್ತಿ ಇಷ್ಟ. ಎಷ್ಟು ಕೊಟ್ಟರು, ಕಂತಿನಲ್ಲಿ ಕಟ್ಟಿದರಾ, ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ? ಕೇಳಿ ಬರೆಯಿರಿ. ಮಡ್‌ಗಾರ್ಡಿನ ಕೆಳಗೋ ಹಳೇ ಡಬ್ಬಿಯಲ್ಲೋ ಸೈಕಲ್ ತೆರಿಗೆಯ ಬಿಲ್ಲೆ ಇದೆಯಾ ನೋಡಿ. ಅದರ ಮೇಲಿನ ಇಸವಿಯಿಂದ ಸೈಕಲ್ಲು ಹುಟ್ಟಿದ್ದು ಯಾವಾಗ ಅಂತ ಗೊತ್ತಾಗದಿದ್ದರೂ ಓಡುತ್ತಿದ್ದದ್ದು ಯಾವಾಗ ಅಂತ ಗೊತ್ತಾಗುತ್ತದೆ.

ರಿಪೇರಿಯ ಭಾಗವೇ ಲೇಖನದ ಜೀವ. ಪೆಡಲಿನ ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಹಿಡಿಯುವ ಕಾಟರ್ ಪಿನ್ ತೆಗೆಯುವಾಗ ಮೆಕ್ಯಾನಿಕ್ ಸಾಹೇಬರು ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪಿನ ತುಂಡು ಆನಿಸಿ, ರಾತ್ರಿಯೆಲ್ಲ ಸೀಮೆಎಣ್ಣೆ ಕುಡಿಸಿ, ಬೆಳಿಗ್ಗೆ ಒಂದೇ ಏಟು ಹಾಕಿದ್ದು ಕಣ್ಣಿಗೆ ಕಟ್ಟುತ್ತದೆ. ಅದನ್ನು ನಾಲ್ಕು ಸಾಲಿಗೆ ಮುಗಿಸಿದ್ದೀರಿ, ಒಂದು ಪುಟ ಬರೆಯಿರಿ. ಬದಲಿಗೆ 1817ರ ಜರ್ಮನಿಯ ಮರದ ಗಾಡಿಯಿಂದ ಶುರುವಾಗುವ, ಸೈಕಲ್ಲಿನ ಇತಿಹಾಸ ಹೇಳುವ ಮೊದಲ ಒಂದೂವರೆ ಪುಟ ಕಿತ್ತುಹಾಕಿ. ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಇನ್ನೊಂದು. ಫ್ರೇಮನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಕಪ್ಪು ಪೇಂಟ್ ಹೊಡೆಸಿದ್ದನ್ನು ಹೆಮ್ಮೆಯಿಂದ ಬರೆದಿದ್ದೀರಿ. ನನಗೆ ಹೊಟ್ಟೆ ಉರಿಯಿತು. ಹಳೇ ಬಣ್ಣದ ಮೇಲಿನ ಚಿನ್ನದ ಗೆರೆ, ಕಂಪನಿಯ ಅಚ್ಚು, ತಾತನ ಕೈ ಹಿಡಿತಕ್ಕೆ ಸವೆದ ಜಾಗ ಎಲ್ಲ ಹೋಯಿತಲ್ಲ. ತುಕ್ಕು ಮೆತ್ತಗೆ ಬಿಡಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದರೆ ಸಾಕಿತ್ತು. ಈಗ ಅದನ್ನು ಮುಚ್ಚಿಡಬೇಡಿ, ಏನೇನು ಹೋಯಿತು ಅಂತ ಹಾಗೇ ಬರೆಯಿರಿ.

ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಸೀಟಿನ ಕೆಳಗೆ ಫ್ರೇಮಿನ ನಂಬರ್ ಇದ್ದರೆ ಅದರ ಫೋಟೋ ಬೇಕು. ಪೇಂಟ್ ಹೊಡೆಸುವ ಮೊದಲು ತೆಗೆದದ್ದು ಯಾವುದಾದರೂ ಇದ್ದರೆ, ಎಷ್ಟೇ ಮಸುಕಾಗಿರಲಿ, ಅದನ್ನೂ ಕಳಿಸಿ.